ಒಂದು ಸಲ ಬಿದ್ದು, ಇನ್ನೊಂದು ಸಲ ನಿಂತ ಪಹಣಿ: ‘ಭೂಮಿ’ ಯೋಜನೆಯ ಪ್ರಕರಣ ಅಧ್ಯಯನ

ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಶುರುವಾದದ್ದು 1991ರಲ್ಲಿ. ಪೂರ್ತಿ ಹಣ ಕೇಂದ್ರ ಸರ್ಕಾರದ್ದು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಕಂಪ್ಯೂಟರ್ ಬಂತು, ಡೇಟಾ ಎಂಟ್ರಿ ನಡೆಯಿತು, ದುಡ್ಡೂ ಖರ್ಚಾಯಿತು. ಆದರೆ ರೈತ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ಮಾತ್ರ ತಪ್ಪಲಿಲ್ಲ.

ಕೆಲವೇ ವರ್ಷಗಳ ನಂತರ ಅದೇ ಕೆಲಸವನ್ನು ‘ಭೂಮಿ’ ಅನ್ನುವ ಹೆಸರಿನಲ್ಲಿ ಮತ್ತೆ ಮಾಡಿದರು. ಯೋಜನೆ ಕಂದಾಯ ಇಲಾಖೆಯದ್ದು, ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯದ್ದು, ಮುಂದೆ ನಿಂತು ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ. 2002ರ ಹೊತ್ತಿಗೆ ಆಗಿನ 170ಕ್ಕೂ ಹೆಚ್ಚು ತಾಲೂಕು ಕಚೇರಿಗಳಲ್ಲಿ ‘ಭೂಮಿ’ ಕೌಂಟರ್ ತೆರೆದಿತ್ತು. ಸುಮಾರು 67 ಲಕ್ಷ ಜಮೀನುದಾರರು, ಸುಮಾರು 2 ಕೋಟಿ ದಾಖಲೆಗಳು. 15 ರೂಪಾಯಿ ಕೊಟ್ಟರೆ ಪಹಣಿಯ ಪ್ರಿಂಟ್ ಕೈಗೆ ಬರುತ್ತಿತ್ತು.

ರಾಜ್ಯ ಅದೇ, ಇಲಾಖೆ ಅದೇ, ಪಹಣಿಯೂ ಅದೇ. ಹಾಗಾದರೆ ಎರಡನೇ ಸಲ ನಿಂತದ್ದು ಹೇಗೆ? ಬಿಸಿನೆಸ್ ಅನಾಲಿಸ್ಟ್ (ಸಾಫ್ಟ್‌ವೇರ್ ಕಟ್ಟುವ ಮೊದಲು ಏನು ಬೇಕೆಂದು ಕೇಳಿ ತಿಳಿದು ಬರೆಯುವವರು) ಆಗಲು ಹೊರಟವರಿಗೆ ಟ್ರೈನಿಂಗಿನಲ್ಲಿ, ಎಡವಿದ ಯೋಜನೆಗಳ ಉದಾಹರಣೆಯಾಗಿ, ಲಂಡನ್ನಿನ ಆಂಬುಲೆನ್ಸ್ ಸಾಫ್ಟ್‌ವೇರ್ ಕತೆ ಹೇಳುತ್ತಾರೆ, ಡೆನ್ವರ್ ವಿಮಾನ ನಿಲ್ದಾಣದ ಲಗೇಜ್ ಕತೆ ಹೇಳುತ್ತಾರೆ. ನಮ್ಮ ತಾಲೂಕು ಕಚೇರಿಯ ಕತೆಯನ್ನು ಯಾರೂ ಹೇಳುವುದಿಲ್ಲ. ರಿಕ್ವೈರ್‌ಮೆಂಟ್, ಅಂದರೆ ಒಂದು ವ್ಯವಸ್ಥೆಯಿಂದ ನಿಜಕ್ಕೂ ಬೇಕಾದದ್ದು, ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ನನ್ನ ವಾದ ಇಷ್ಟೇ. ಮೊದಲ ಸಲ ‘ಪುಸ್ತಕದಲ್ಲಿ ಏನಿದೆ’ ಅಂತ ಕೇಳಿದರು. ಎರಡನೇ ಸಲ ‘ಪುಸ್ತಕ ಬದಲಾಗುವುದು ಹೇಗೆ, ಎಲ್ಲಿ, ಯಾರ ಕೈಯಲ್ಲಿ’ ಅಂತ ಕೇಳಿದರು.

ಪಹಣಿಯೂ ಮ್ಯುಟೇಶನ್ನೂ

ಹಳ್ಳಿಯವರಿಗೆ ಪಹಣಿ ಏನೆಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗಾಗಿ ಎರಡು ಮಾತು. ಪಹಣಿ ಅಂದರೆ ಆರ್‌ಟಿಸಿ (ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ), ಕಂದಾಯ ನಿಯಮಗಳ ಪ್ರಕಾರ ನಮೂನೆ 16. ಒಂದು ಸರ್ವೆ ನಂಬರಿನ ಒಂದು ಹಿಸ್ಸೆಯ (ಪಾಲಿನ) ಜಾತಕ ಅದರಲ್ಲಿರುತ್ತದೆ. ವಿಸ್ತೀರ್ಣ ಎಷ್ಟು, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಕಂದಾಯ ಎಷ್ಟು. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 11ರಲ್ಲಿ ಹಕ್ಕು ಮತ್ತು ಋಣಗಳು, ಅಂದರೆ ಬ್ಯಾಂಕ್ ಸಾಲದಂಥವು. 12ರಲ್ಲಿ ಯಾರು ಉಳುತ್ತಿದ್ದಾರೆ, ಯಾವ ಬೆಳೆ ಇದೆ ಅನ್ನುವುದು. ಬೆಳೆ ಸಾಲ ಬೇಕೆಂದರೂ ಪಹಣಿ, ಕೋರ್ಟಿಗೆ ಹೋದರೂ ಪಹಣಿ, ಜಾಮೀನು ನಿಲ್ಲಲೂ ಪಹಣಿ.

ಈ ಕಾಗದ ಒಂದೇ ಕಡೆ ನಿಲ್ಲುವುದಿಲ್ಲ. ಅಪ್ಪ ತೀರಿಕೊಂಡರೆ ಪೌತಿ ಖಾತೆ ಆಗಬೇಕು. ಅಣ್ಣತಮ್ಮಂದಿರು ಪಾಲಾದರೆ ಬದಲಾಗಬೇಕು. ಮಾರಿದರೆ, ದಾನ ಕೊಟ್ಟರೆ, ಕೋರ್ಟು ತೀರ್ಪು ಕೊಟ್ಟರೆ, ಸರ್ಕಾರ ಸ್ವಾಧೀನ ಮಾಡಿಕೊಂಡರೆ, ಪ್ರತಿಸಲವೂ ಬದಲಾಗಬೇಕು. ಆ ಬದಲಾವಣೆಗೆ ಮ್ಯುಟೇಶನ್ ಅಂತಾರೆ, ಊರಲ್ಲಿ ‘ಖಾತೆ ಬದಲಾವಣೆ’ ಅಂತಾರೆ. ಅದಕ್ಕೆ 1964ರ ಭೂ ಕಂದಾಯ ಕಾಯ್ದೆಯಲ್ಲಿ ದಾರಿ ಹಾಕಿಕೊಟ್ಟಿದೆ. ಅರ್ಜಿ ಅಥವಾ ವರದಿ ಬರಬೇಕು, ಸಂಬಂಧಪಟ್ಟವರಿಗೆ ನೋಟಿಸ್ ಹೋಗಬೇಕು, ಆಗಿನ ಪದ್ಧತಿಯಂತೆ 30 ದಿನ ಕಾಯಬೇಕು, ತಕರಾರು ಬಾರದಿದ್ದರೆ ರೆವಿನ್ಯೂ ಇನ್ಸ್‌ಪೆಕ್ಟರ್ ಆದೇಶ ಮಾಡಬೇಕು. ತಕರಾರು ಬಂದರೆ ಮೇಲಿನವರು ವಿಚಾರಣೆ ನಡೆಸಬೇಕು.

1991ರ ಯೋಜನೆಯಲ್ಲಿ ಎಡವಿದ್ದು ಇಲ್ಲೇ. ದಾಖಲೆ ಇಟ್ಟುಕೊಳ್ಳುವುದು, ತಿದ್ದುವುದು ಎಲ್ಲ ತಾಲೂಕು ಮತ್ತು ಅದರ ಕೆಳಗಿನ ಮಟ್ಟದಲ್ಲಿ. ಕಂಪ್ಯೂಟರ್ ಮಾತ್ರ ತಾಲೂಕಿಗೆ ಬರಲೇ ಇಲ್ಲ, ಅದಕ್ಕೆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಹಾಗಾಗಿ ಟೈಪ್ ಮಾಡಿ ಮುಗಿಸಿದ ಮರುದಿನವೇ ಹಳ್ಳಿಯಲ್ಲಿ ಯಾರದೋ ಪಾಲಾಗುತ್ತದೆ, ಇನ್ಯಾರೋ ಜಮೀನು ಮಾರುತ್ತಾರೆ. ಕಂಪ್ಯೂಟರಿನ ದಾಖಲೆ ಹೋದ ವರ್ಷದ ಕ್ಯಾಲೆಂಡರಿನ ಹಾಗೆ ಗೋಡೆಯ ಮೇಲೆ ಉಳಿಯಿತು. ಅದನ್ನು ನಂಬಿ ಬ್ಯಾಂಕಿನವರು ಸಾಲ ಕೊಡುತ್ತಾರಾ?

ಇದನ್ನು ಸಾಫ್ಟ್‌ವೇರಿನ ಸೋಲು ಅನ್ನಲು ನನಗೆ ಮನಸ್ಸಿಲ್ಲ. ಬರೆದ ಪ್ರೋಗ್ರಾಂ ಸರಿಯಾಗಿಯೇ ಓಡಿದ್ದರೂ ಫಲ ಇಷ್ಟೇ ಇರುತ್ತಿತ್ತು. ‘ದಾಖಲೆಗಳನ್ನು ಕಂಪ್ಯೂಟರೀಕರಣ ಮಾಡಬೇಕು’ ಅನ್ನುವ ವಾಕ್ಯ ನೋಡಲು ರಿಕ್ವೈರ್‌ಮೆಂಟ್ ಹಾಗೆಯೇ ಇದೆ. ಆದರೆ ಅದು ಪರಿಹಾರ, ಅಗತ್ಯ ಅಲ್ಲ. ನಮ್ಮ ಆಫೀಸುಗಳಲ್ಲೂ ದಿನಾ ನಡೆಯುವ ಕತೆ ಇದು. ‘ನಮಗೊಂದು ಡ್ಯಾಶ್‌ಬೋರ್ಡ್ ಬೇಕು’ ಅಂತ ಕ್ಲೈಂಟ್ ಹೇಳುತ್ತಾರೆ, ನಾವು ಅದನ್ನೇ ಬರೆದುಕೊಂಡು ಬರುತ್ತೇವೆ.

‘ಯಾಕೆ’ ಅಂತ ಕೇಳುತ್ತಾ ಹೋದರೆ

ಅನಾಲಿಸ್ಟರ ಚೀಲದಲ್ಲಿ ಒಂದು ಹಳೆಯ ಉಪಾಯ ಇದೆ. ಉತ್ತರ ಸಿಕ್ಕ ಮೇಲೂ ‘ಯಾಕೆ’ ಅಂತ ಕೇಳುತ್ತಲೇ ಇರುವುದು. ಭೂಮಿ ತಂಡದವರು ಹೀಗೇ ಕೂತು ಕೇಳಿಕೊಂಡರು ಅಂತ ನಾನು ಹೇಳುತ್ತಿಲ್ಲ. ಅವರು ಮಾಡಿದ್ದನ್ನು ಹಿಂದಿನಿಂದ ಬಿಡಿಸಿ ನೋಡುತ್ತಿದ್ದೇನೆ ಅಷ್ಟೇ.

ರೈತನಿಗೆ ಕಷ್ಟ ಯಾಕೆ? ಪಹಣಿ ಬೇಗ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ? ಗ್ರಾಮ ಲೆಕ್ಕಿಗರು ಸಿಗುವುದಿಲ್ಲ. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು, ಹಳ್ಳಿಗಳು 27 ಸಾವಿರಕ್ಕೂ ಜಾಸ್ತಿ. ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಸರಿ, ಬೇರೆ ಯಾರೂ ಯಾಕೆ ಕೊಡುವುದಿಲ್ಲ? ಪುಸ್ತಕ ಇರುವುದೇ ಅವರ ಹತ್ತಿರ. ಹಾಗಾದರೆ ಅವರು ಬರೆದದ್ದು ಸರಿಯೋ ತಪ್ಪೋ ನೋಡುವವರು ಯಾರು? ಸುಲಭಕ್ಕೆ ಯಾರಿಗೂ ನೋಡಲಾಗುವುದಿಲ್ಲ.

ನಾಲ್ಕನೇ ಪ್ರಶ್ನೆಗೆ ಬರುವಷ್ಟರಲ್ಲಿ ಸಮಸ್ಯೆಯ ಮುಖವೇ ಬದಲಾಯಿತು ನೋಡಿ. ಮೊದಲು ‘ತಡ’ ಅಂತ ಕಂಡದ್ದು ಈಗ ‘ಒಬ್ಬರ ಹಿಡಿತ’ ಅಂತ ಕಾಣುತ್ತಿದೆ. ಆ ಕಾಲದಲ್ಲಿ ಒಂದು ಪಹಣಿಗೆ ಕೆಲಸದ ತುರ್ತು ನೋಡಿಕೊಂಡು ನೂರು ರೂಪಾಯಿಯಿಂದ ಎರಡು ಸಾವಿರದವರೆಗೆ ಕೈ ಬಿಸಿ ಮಾಡಬೇಕಿತ್ತು, ಮೂರು ದಿನದಿಂದ ತಿಂಗಳವರೆಗೆ ಕಾಯಬೇಕಿತ್ತು ಎಂಬುದು ಈ ಯೋಜನೆಯ ವರದಿಗಳಲ್ಲೇ ದಾಖಲಾಗಿದೆ. ಸಮಸ್ಯೆ ಬರೀ ತಡ ಆಗಿದ್ದರೆ ಪರಿಹಾರ ಸುಲಭ, ಇನ್ನಷ್ಟು ಜನರನ್ನು ನೇಮಿಸಿಕೊಳ್ಳಬಹುದಿತ್ತು. ಹಿಡಿತ ಅಂದಮೇಲೆ ಪುಸ್ತಕವನ್ನೇ ಅವರ ಕೈಯಿಂದ ತೆಗೆದು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಕಾಗುತ್ತದೆ.

ಸ್ಟೇಕ್‌ಹೋಲ್ಡರ್ ಪಟ್ಟಿ, ಅಂದರೆ ಯೋಜನೆ ಯಾರಿಗೆಲ್ಲ ತಟ್ಟುತ್ತದೆ ಅನ್ನುವ ಪಟ್ಟಿ, ಮಾಡುವಾಗ ಅನುಕೂಲ ಆಗುವವರ ಹೆಸರು ಮೊದಲು ಬರುತ್ತದೆ. ಇಲ್ಲಿ ರೈತರು, ಬ್ಯಾಂಕುಗಳು, ಕೋರ್ಟುಗಳು, ತಹಸೀಲ್ದಾರರು. ಆದರೆ ಯೋಜನೆಯ ಹಣೆಬರಹ ಬರೆಯುವವರು ನಷ್ಟ ಆಗುವವರು. ಗ್ರಾಮ ಲೆಕ್ಕಿಗರ ವಿಷಯವಂತೂ ಇನ್ನೂ ಜಟಿಲ. ಅವರ ಅಧಿಕಾರ ಕಡಿಮೆ ಆಗುತ್ತದೆ, ಆದರೆ ಅವರ ಸಹಾಯ ಇಲ್ಲದೆ ಒಂದು ಸಾಲೂ ಕಂಪ್ಯೂಟರಿಗೆ ಏರುವುದಿಲ್ಲ. ಅವರ ಕೈಬರಹ ಓದಬಲ್ಲವರು ಅವರೇ. ಯಾವ ಹಿಸ್ಸೆಗೆ ಯಾವ ಮ್ಯುಟೇಶನ್ ಬಾಕಿ ಇದೆ ಅಂತ ಗೊತ್ತಿರುವುದೂ ಅವರಿಗೇ. ಭೂಮಿಯಲ್ಲಿ ಮಾಡಿದ ಜಾಣತನ ಏನೆಂದರೆ, ಕೌಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದ್ದು ಗ್ರಾಮ ಲೆಕ್ಕಿಗರಲ್ಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು. ಹೊರಗಿನ ಆಪರೇಟರ್ ತಂದು ಕೂರಿಸಿದ್ದರೆ ಆತನಿಗೆ ಪೋಡಿ (ಒಂದು ನಂಬರನ್ನು ಅಳೆದು ಪಾಲು ಬೇರೆ ಮಾಡುವುದು) ಗೊತ್ತಿಲ್ಲ, ಖರಾಬು ಗೊತ್ತಿಲ್ಲ. ಇಲಾಖೆಯವರೂ ಅವನನ್ನು ಹೊರಗಿನವನಾಗಿಯೇ ಇಟ್ಟಿರುತ್ತಿದ್ದರು.

ಒಂದೊಂದು ವೈಶಿಷ್ಟ್ಯದ ಹಿಂದೆ ಒಂದೊಂದು ಕಾರಣ

ಭೂಮಿಯ ಬಗ್ಗೆ ಬರೆದವರೆಲ್ಲ ಅದರ ತಂತ್ರಜ್ಞಾನ ಹೊಗಳುತ್ತಾರೆ. ಬೆರಳಿನ ಗುರುತು ಹಿಡಿಯುವ ಬೆರಳಚ್ಚಿನ ಲಾಗಿನ್ ಇತ್ತು, ಎರಡು ಪರದೆ ಇತ್ತು, ಹೀಗೆ. ಅನಾಲಿಸ್ಟ್ ಆದವರು ಕೇಳಬೇಕಾದ್ದು ಬೇರೆ: ಇದು ಯಾವ ಅಗತ್ಯಕ್ಕೆ ಬಂತು? ಯಾವ ವೈಶಿಷ್ಟ್ಯ ಯಾವ ಅಗತ್ಯದಿಂದ ಬಂತು ಅಂತ ತೋರಿಸಲು ಟ್ರೇಸೆಬಿಲಿಟಿ ಅಂತ ನಾವು ಎಕ್ಸೆಲ್ ಶೀಟಿನಲ್ಲಿ ಕಾಲಂ ತುಂಬುತ್ತೇವಲ್ಲ, ಅದರ ಜೀವ ಇಲ್ಲಿದೆ.

ಬೆರಳಚ್ಚು ತಗೊಳ್ಳಿ. ಪಾಸ್‌ವರ್ಡ್ ಇಟ್ಟರೆ ಸಾಲದೇ? ನಮ್ಮ ಕಚೇರಿಗಳಲ್ಲಿ ಸಾಹೇಬರ ಪಾಸ್‌ವರ್ಡ್ ಅಟೆಂಡರಿಗೂ ಗೊತ್ತಿರುತ್ತದೆ. ನಾಳೆ ಯಾರದೋ ಜಮೀನು ಯಾರದೋ ಹೆಸರಿಗೆ ಹೋದರೆ ‘ನಾನು ಮಾಡಿಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕಿದ್ದಾರೆ’ ಅಂದುಬಿಡಬಹುದು. ಹಾಗೆ ಅನ್ನಲು ದಾರಿ ಇರಬಾರದು ಅನ್ನುವುದು ಅಗತ್ಯ, ಬೆರಳಚ್ಚಿನ ಲಾಗಿನ್ ಅದಕ್ಕೆ ಸಿಕ್ಕ ಉತ್ತರ. ನೋಟಿಸ್ ಮತ್ತು ಆದೇಶದ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಟ್ಟದ್ದೂ ಇದೇ ಕಾರಣಕ್ಕೆ.

ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೇ ಪರದೆ ನನಗೆ ಇನ್ನೂ ಇಷ್ಟ. ಒಳಗಿನವರು ಏನು ಟೈಪ್ ಮಾಡುತ್ತಿದ್ದಾರೆ ಅಂತ ಹೊರಗೆ ನಿಂತವನಿಗೂ ಕಾಣಲಿ ಅಂತ ಇಟ್ಟದ್ದು. ಎಲ್ಲರಿಗೂ ಓದಲು ಬರುವುದಿಲ್ಲ, ನಿಜ. ಆದರೆ ಪಕ್ಕದಲ್ಲಿ ನಿಂತವನಿಗೆ ಬರುತ್ತದೆ. ‘ವ್ಯವಸ್ಥೆ ಪಾರದರ್ಶಕವಾಗಿರಬೇಕು’ ಅಂತ ಬರೆದರೆ ಯಾವ ಟೆಸ್ಟರೂ ಅದನ್ನು ಪರೀಕ್ಷೆ ಮಾಡಲಾರ. ಪರದೆ ಇತ್ತ ತಿರುಗಿದೆಯೋ ಇಲ್ಲವೋ ಅನ್ನುವುದನ್ನು ಮಗುವೂ ನೋಡಿ ಹೇಳುತ್ತದೆ.

ಮೂರನೆಯದು ಸರದಿ. ಮ್ಯುಟೇಶನ್ ಅರ್ಜಿಗಳು ಬಂದ ಕ್ರಮದಲ್ಲೇ ಮುಂದೆ ಸಾಗಬೇಕು ಅನ್ನುವ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂರಿಸಿದರು. ಸರದಿ ತಪ್ಪಿಸುವುದೇ ಒಂದು ವ್ಯಾಪಾರ ಆಗಿದ್ದ ಕಡೆ ಇದು ಸಣ್ಣ ಮಾತಲ್ಲ. ಇದನ್ನು ಒಂದು ರಿಕ್ವೈರ್‌ಮೆಂಟ್ ಆಗಿ ಇವತ್ತು ನಾನು ಬರೆಯಬೇಕಾದರೆ ಹೀಗೆ ಬರೆಯುತ್ತೇನೆ: ‘ಅರ್ಜಿ ಸ್ವೀಕರಿಸಿದ ಕ್ರಮ ಬಿಟ್ಟು ಮುಂದಿನ ಅರ್ಜಿ ತೆರೆಯಲು ಬಿಡಬಾರದು. ನೋಟಿಸ್ ಜಾರಿಯಾಗಿ 30 ದಿನ ಕಳೆಯದೆ ಆದೇಶ ನಮೂದಿಸಲು ಬಿಡಬಾರದು. ತಕರಾರು ದಾಖಲಾದರೆ ಆ ಅರ್ಜಿ ಸಾಮಾನ್ಯ ಸಾಲಿನಿಂದ ಹೊರಬಂದು ವಿಚಾರಣೆಯ ಸಾಲಿಗೆ ಹೋಗಬೇಕು.’ ಮೂರು ವಾಕ್ಯ. ಮೂರಕ್ಕೂ ಟೆಸ್ಟ್ ಕೇಸ್ ತಾನಾಗಿಯೇ ಬರುತ್ತದೆ. 29ನೇ ದಿನ ಪ್ರಯತ್ನಿಸಿ ನೋಡಿ, 31ನೇ ದಿನ ಪ್ರಯತ್ನಿಸಿ ನೋಡಿ. ಮೂರನೇ ವಾಕ್ಯವಂತೂ ಮುಖ್ಯ. ಅದನ್ನು ಬರೆಯಲು ಮರೆತರೆ, ತಕರಾರಿರುವ ಒಂದೇ ಒಂದು ಅರ್ಜಿ ಇಡೀ ಹೋಬಳಿಯ ಸಾಲನ್ನು ವರ್ಷಗಟ್ಟಲೆ ತಡೆದು ನಿಲ್ಲಿಸುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ತೀರ್ಮಾನ ಕೋಡಿನಲ್ಲಿ ಇರಲೇ ಇಲ್ಲ. ಒಂದು ತಾಲೂಕಿನಲ್ಲಿ ಭೂಮಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಘೋಷಿಸಿತು. ಎರಡು ವ್ಯವಸ್ಥೆ ಒಟ್ಟಿಗೆ ನಡೆದಿದ್ದರೆ ಏನಾಗುತ್ತಿತ್ತು ಅಂತ ಊಹಿಸುವುದು ಕಷ್ಟ ಅಲ್ಲ. ತಿದ್ದುಪಡಿ ಪುಸ್ತಕದಲ್ಲಿ ಆಗುತ್ತಿತ್ತು, ಕಂಪ್ಯೂಟರ್ ಮತ್ತೆ ಹಳತಾಗುತ್ತಿತ್ತು, 1991 ಮರುಕಳಿಸುತ್ತಿತ್ತು. ಹಳೆಯದರಿಂದ ಹೊಸದಕ್ಕೆ ದಾಟುವಾಗ ಮಾತ್ರ ಬೇಕಾಗುವ ಇಂಥ ಅಗತ್ಯಗಳಿಗೆ ಟ್ರಾನ್ಸಿಶನ್ ರಿಕ್ವೈರ್‌ಮೆಂಟ್ ಅಂತಾರೆ. ಹೆಚ್ಚಿನ ಡಾಕ್ಯುಮೆಂಟುಗಳಲ್ಲಿ ಇದು ಕೊನೇ ಪುಟದಲ್ಲಿ, ಅರ್ಧ ಪ್ಯಾರಾದಲ್ಲಿ ಮುಗಿದುಹೋಗಿರುತ್ತದೆ. ಇಲ್ಲಿ ಯೋಜನೆಯ ಬೆನ್ನೆಲುಬೇ ಅದು. ಅಂಥ ಆದೇಶ ಹೊರಡಿಸಲು ಅನಾಲಿಸ್ಟರಿಂದಾಗಲೀ ಪ್ರೋಗ್ರಾಮರಿಂದಾಗಲೀ ಆಗುವುದಿಲ್ಲ, ಬೆನ್ನಿಗೆ ಸರ್ಕಾರ ಬೇಕು.

ಫಲ ಸಿಕ್ಕಿತೇ? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನೇ ಕೇಳಿ ಒಂದು ಅಧ್ಯಯನ ಮಾಡಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಅಂದವರು 66%, ಭೂಮಿ ಕೌಂಟರಿನಲ್ಲಿ ಕೊಟ್ಟೆವು ಅಂದವರು 3%.

ಡೇಟಾ: ಇದ್ದದ್ದನ್ನು ಇದ್ದ ಹಾಗೆ

ಎರಡು ಕೋಟಿ ದಾಖಲೆ ಟೈಪ್ ಮಾಡುವುದು ಬೇಸರದ ಕೆಲಸ ಇರಬಹುದು, ಕಷ್ಟದ ಕೆಲಸ ಅಲ್ಲ. ಕಷ್ಟ ಇದ್ದದ್ದು ದಾಖಲೆಗಳು ಒಂದಕ್ಕೊಂದು ತಾಳೆ ಆಗದಿರುವುದರಲ್ಲಿ.

ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಸರ್ವೆ ಇಲಾಖೆಯ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಇರುತ್ತದೆ. ಪಹಣಿಯಲ್ಲಿ ಅದೇ ನಂಬರಿನ ಮಾಲೀಕರ ಹೆಸರಿನ ಮುಂದೆ ಅವರವರ ಭಾಗ. ಎಲ್ಲರ ಭಾಗ ಕೂಡಿದರೆ ಆ ಒಟ್ಟು ವಿಸ್ತೀರ್ಣಕ್ಕೆ ಸಮ ಆಗಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಲೆಕ್ಕ ನೇರ. ಆದರೆ ಬಹಳ ಕಡೆ ಸಮ ಆಗುವುದಿಲ್ಲ. ಎರಡು ಎಕರೆ ಇರುವ ನಂಬರಿನಲ್ಲಿ ಎರಡು ಎಕರೆ ಐದು ಗುಂಟೆಗೆ ಹಕ್ಕುದಾರರು ಇರುತ್ತಾರೆ. ತಲೆಮಾರುಗಳ ಹಿಂದಿನ ಪಾಲು, ಅಂದಾಜಿನ ಅಳತೆ, ಸೇರಿಸಲು ಮರೆತ ಖರಾಬು. ಕಾರಣ ಹುಡುಕಲು ಹೋದರೆ ಊರಿನ ಅರ್ಧ ಇತಿಹಾಸ ಹೊರಬರುತ್ತದೆ.

ಈಗ ಸಾಫ್ಟ್‌ವೇರ್ ಏನು ಮಾಡಬೇಕು? ‘ಮೊತ್ತ ತಾಳೆ ಆಗದಿದ್ದರೆ ತಗೊಳ್ಳಬೇಡ’ ಅನ್ನುವುದು ಪುಸ್ತಕದ ಪ್ರಕಾರ ಒಳ್ಳೆಯ ನಿಯಮ. ಹಾಗೆ ಮಾಡಿದ್ದರೆ ಇವತ್ತಿಗೂ ಡೇಟಾ ಎಂಟ್ರಿ ಮುಗಿಯುತ್ತಿರಲಿಲ್ಲ. ಪ್ರತಿ ತಪ್ಪಿಗೂ ಮತ್ತೆ ಸರ್ವೆ ಆಗಬೇಕು, ಪ್ರತಿ ಸರ್ವೆಗೂ ಜಗಳ ಎದುರಾಗುತ್ತದೆ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ತೆಗೆದುಕೊಳ್ಳುವುದು, ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ಮೂಲದೊಂದಿಗೆ ತಾಳೆ ನೋಡಿಸುವುದು, ಮುಂದಿನ ಬದಲಾವಣೆಗಳಿಗೆ ಮಾತ್ರ ಬಿಗಿ ನಿಯಮ ಹಾಕುವುದು: ಭೂಮಿಯವರು ಹಿಡಿದ ದಾರಿ ಇದು.

ಯಾವುದು ಯೋಜನೆಯ ಒಳಗೆ, ಯಾವುದು ಹೊರಗೆ ಅನ್ನುವ ಇಂಥ ತೀರ್ಮಾನಕ್ಕೆ ಸ್ಕೋಪ್ ತೀರ್ಮಾನ ಅಂತಾರೆ. ಸರಿಯೋ ತಪ್ಪೋ? ಆ ಹೊತ್ತಿಗೆ ಸರಿ ಅಂತಲೇ ನಾನು ಹೇಳುತ್ತೇನೆ. ಆದರೆ ಅದರ ಬೆಲೆಯನ್ನೂ ಹೇಳಬೇಕು. ಕೈಬರಹದ ತಪ್ಪಿಗೆ ಒಂದು ಅನುಮಾನ ಅಂಟಿಕೊಂಡಿರುತ್ತದೆ, ಜನ ಕೇಳುತ್ತಾರೆ, ಜಗಳ ಆಡುತ್ತಾರೆ. ಅದೇ ತಪ್ಪು ಪ್ರಿಂಟ್ ಆಗಿ ಬಂದರೆ ‘ಕಂಪ್ಯೂಟರಿನಲ್ಲೇ ಹೀಗಿದೆ’ ಅನ್ನುವ ಮಾತಿಗೆ ಎದುರಾಡುವವರು ಕಡಿಮೆ. ಹೆಸರಿನ ಒಂದು ಅಕ್ಷರ ತಪ್ಪಾದರೂ ತಿದ್ದುಪಡಿಗೆ ಅರ್ಜಿ ಹಿಡಿದು ಕಚೇರಿ ಸುತ್ತಬೇಕು.

ಬಿಟ್ಟದ್ದು ಮತ್ತೆ ಬಾಗಿಲಿಗೆ ಬಂತು

ಸ್ಕೋಪಿನಿಂದ ಹೊರಗಿಟ್ಟ ವಿಷಯ ಸುಮ್ನೆ ಕೂರುವುದಿಲ್ಲ. ಮುಂದೊಂದು ದಿನ ಚೇಂಜ್ ರಿಕ್ವೆಸ್ಟ್, ಅಂದರೆ ‘ಇದನ್ನೂ ಸೇರಿಸಿ’ ಅನ್ನುವ ಬೇಡಿಕೆ, ಆಗಿ ಬರುತ್ತದೆ.

ಮೊದಲು ಬಂದದ್ದು ನೋಂದಣಿ. ಜಮೀನು ಮಾರಾಟ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಹಣಿ ಇರುವುದು ತಹಸೀಲ್ದಾರ್ ಕಚೇರಿಯಲ್ಲಿ. ನಡುವೆ ಓಡಾಡುತ್ತಿದ್ದದ್ದು ಮಾರಾಟದ ಮಾಹಿತಿ ಹೊತ್ತ ಜೆ ಸ್ಲಿಪ್ ಅನ್ನುವ ಕಾಗದ. ಅದು ಬರುವುದು ತಡವಾದರೆ, ಮಾರಿದವನ ಹೆಸರೇ ಪಹಣಿಯಲ್ಲಿ ಉಳಿದು ಅದೇ ಜಮೀನನ್ನು ಇನ್ನೊಬ್ಬರಿಗೂ ಮಾರಲು ಅವಕಾಶ. ನೋಂದಣಿ ಇಲಾಖೆಯ ‘ಕಾವೇರಿ’ ಸಾಫ್ಟ್‌ವೇರ್ ಮತ್ತು ಭೂಮಿಯನ್ನು ಜೋಡಿಸಿದ ಮೇಲೆ ಮ್ಯುಟೇಶನ್ ತಾನಾಗಿ ಶುರುವಾಗತೊಡಗಿತು. ಎರಡು ಇಲಾಖೆಗಳ ಸಾಫ್ಟ್‌ವೇರ್ ಮಾತಾಡಿಕೊಳ್ಳಬೇಕು ಅನ್ನುವುದು ಮೊದಲ ದಿನವೇ ಬರೆದಿಡಬಹುದಾದ ಅಗತ್ಯ ಅಲ್ವಾ ಅಂತ ಈಗ ಅನಿಸುತ್ತದೆ. ಆದರೆ ಎರಡು ಇಲಾಖೆಯನ್ನು ಒಟ್ಟಿಗೆ ಹಿಡಿದಿದ್ದರೆ ಒಂದೂ ಮುಗಿಯುತ್ತಿರಲಿಲ್ಲವೇನೋ.

ನಂತರ ನಕ್ಷೆ. ಪಹಣಿಯಲ್ಲಿ ಮಾತಿದೆ, ಚಿತ್ರ ಇಲ್ಲ. ಒಂದು ಸರ್ವೆ ನಂಬರಿನಲ್ಲಿ ಒಂದು ಎಕರೆ ಕೊಂಡವನಿಗೆ ಅದು ಪೂರ್ವದಲ್ಲಿದೆಯೋ ಪಶ್ಚಿಮದಲ್ಲಿದೆಯೋ ಪಹಣಿ ನೋಡಿ ತಿಳಿಯುವುದಿಲ್ಲ. ಒಂದು ನಂಬರಿನ ಭಾಗವನ್ನು ಮಾರಬೇಕಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಲೇಬೇಕು ಅನ್ನುವ ನಿಯಮ ಬಂದದ್ದು ಇದಕ್ಕೇ. ಹಳೆಯ ಜಂಟಿ ಪಹಣಿಗಳನ್ನು ಬೇರೆ ಮಾಡುವ ಪೋಡಿ ಕೆಲಸ ಈಗಲೂ ನಡೆಯುತ್ತಿದೆ. ಬೆಳೆ ಕಾಲಂ ಕೂಡ ಹಿಂದೆ ಬಿತ್ತು. ಅದು ಹಂಗಾಮಿಗೊಮ್ಮೆ ಬದಲಾಗುವ ಮಾಹಿತಿ, ತಾಲೂಕಿನಲ್ಲಿ ಕೂತು ತುಂಬಲು ಆಗುವುದಿಲ್ಲ. ಈಚೆಗೆ ಹೊಲದಲ್ಲೇ ನಿಂತು ಫೋಟೊ ತೆಗೆಯುವ ಬೆಳೆ ಸಮೀಕ್ಷೆ ಆ್ಯಪ್ ಬಂದ ಮೇಲೆ ಅದಕ್ಕೊಂದು ದಾರಿ ಸಿಕ್ಕಿತು. ಮಾಹಿತಿ ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು ಅನ್ನುವುದು ಇಲ್ಲೂ ನಿಜವಾಯಿತು.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. 2007ರಲ್ಲಿ ಕೆಲವು ಸಂಶೋಧಕರು ಭೂಮಿಯನ್ನು ಕಟುವಾಗಿ ಟೀಕಿಸಿದರು. ದಾಖಲೆ ಹಳ್ಳಿಯಿಂದ ತಾಲೂಕಿಗೆ ಹೋದದ್ದರಿಂದ ಸ್ಥಳೀಯರ ಹಿಡಿತ ತಪ್ಪಿತು, ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಇದರಿಂದ ಅನುಕೂಲ ಆಯಿತು ಅನ್ನುವುದು ಅವರ ಮಾತು. ಪೂರ್ತಿ ಒಪ್ಪಬೇಕಾಗಿಲ್ಲ, ಆದರೆ ತಳ್ಳಿಹಾಕುವ ಹಾಗೂ ಇಲ್ಲ. ಎಲ್ಲರಿಗೂ ಕಾಣುವಂತೆ ಇಟ್ಟ ಮಾಹಿತಿಯನ್ನು ಬಳಸಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಆ ಸ್ಟೇಕ್‌ಹೋಲ್ಡರ್ ಪಟ್ಟಿಯಲ್ಲಿ ರಿಯಲ್ ಎಸ್ಟೇಟಿನವರನ್ನು ಯಾರಾದರೂ ಬರೆದಿದ್ದರೇ? ಬಳಕೆದಾರ ಅಂದಾಗ ನಮ್ಮ ಕಣ್ಣ ಮುಂದೆ ಯಾವಾಗಲೂ ಟವೆಲ್ ಹೆಗಲಿಗೆ ಹಾಕಿದ ಸಣ್ಣ ರೈತನೇ ಬರುತ್ತಾನೆ. ದಾಖಲೆ ಹಳ್ಳಿಯಿಂದ ದೂರವಾಯಿತು ಅನ್ನುವ ಮಾತಿಗಂತೂ ಸರ್ಕಾರ ಮುಂದೆ ಉತ್ತರ ಕೊಟ್ಟಿತು. ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, ಆಮೇಲೆ ನಾಡಕಚೇರಿಗಳು, ಈಗ ಮೊಬೈಲಿನಲ್ಲೇ ಪಹಣಿ.

ಇಷ್ಟಾದರೂ ಬಗೆಹರಿಯದೆ ಉಳಿದಿರುವ ದೊಡ್ಡ ಗಂಟು ಪೌತಿ ಖಾತೆ. ಇವತ್ತಿಗೂ ಎಷ್ಟೋ ಪಹಣಿಗಳ 9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರು ಇದೆ. ಇಡೀ ಮ್ಯುಟೇಶನ್ ವ್ಯವಸ್ಥೆ ನಿಂತಿರುವುದು ‘ಯಾರೋ ಒಬ್ಬರು ಬಂದು ಹೇಳುತ್ತಾರೆ’ ಅನ್ನುವ ಊಹೆಯ ಮೇಲೆ. ಮಾರಾಟದಲ್ಲಿ ಕೊಂಡವನಿಗೆ ಅವಸರ ಇರುತ್ತದೆ, ಆತ ಬರುತ್ತಾನೆ. ಸಾವಿನಲ್ಲಿ ಯಾರಿಗೂ ಅವಸರ ಇಲ್ಲ. ವಂಶವೃಕ್ಷ ಮಾಡಿಸಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರೂ ಬರಬೇಕು, ಎಲ್ಲರೂ ಸಹಿ ಹಾಕಬೇಕು. ‘ಸುಮ್ನೆ ಇರಲಿ ಬಿಡಿ’ ಅಂತ ಮನೆಯವರು ಬಿಟ್ಟುಬಿಡುತ್ತಾರೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದದ್ದರ ಹಿಂದೆ, ಯಾವ ಮಾಲೀಕರು ಬದುಕಿದ್ದಾರೆ ಅಂತ ತಿಳಿಯುವ ಉದ್ದೇಶವೂ ಇತ್ತು. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುವ ಹೆಸರು ಬಂದಿದೆ. ಪೌತಿ ಖಾತೆ ಆಂದೋಲನ ಅಂದಾಗ ಮನೆ ಮನೆಗೆ ಹೋಗಿ ‘ನಿಮ್ಮ ತಂದೆಯವರ ಖಾತೆ ಮಾಡಿಸಿದ್ದೀರಾ?’ ಅಂತ ಕೇಳಬೇಕಾದವರು ಅವರೇ.